ದೇವಮಾಸಾ ಕಂಡ ಮಧ್ಯಾಹ್ನ

ಮೊನ್ನೆ ಭಾಲ್ಕಿಯ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತ ನಿಂತಿದ್ದೆ. ಪಕ್ಕದಲ್ಲಿ ಒಬ್ಬಾಕೆ ಗೋಣಿತಾಟು ಹಾಸಿಕೊಂಡು ಸುಕಟ್ ಮಾರುತ್ತಿದ್ದಳು. ಸುಕಟ್ ಅಂದರೆ ಒಣಗಿಸಿದ ಸಣ್ಣ ಸೀಗಡಿ. ನಮ್ಮ ಕಡೆ ರೊಟ್ಟಿಯ ಜೊತೆ ಹುರಿದು ತಿನ್ನುತ್ತಾರೆ. ಗಾಳಿ ನನ್ನತ್ತ ತಿರುಗಿತು. ಆ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಚೀಲ ಕೆಳಗಿಟ್ಟುಬಿಟ್ಟೆ. ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದೇನೆ ಎಂಬುದು ಮಾರುವಾಕೆ “ಏನಾತ್ರಿ ಟೀಚರ್?” ಎಂದು ಕೇಳಿದ ಮೇಲೆಯೇ ನನಗೆ ತಿಳಿದದ್ದು.

ಮಾವಶಿ ಹಿಡಿದ ಜಾಗ ಅದು. ಎಷ್ಟೋ ವರ್ಷಗಳ ಹಿಂದೆ, ಒಂದು ದೋಣಿಯಲ್ಲಿ...

ಮಾವಶಿ ನನ್ನ ತಾಯಿಯ ತಂಗಿಯೇನಲ್ಲ. ಔರಾದಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಓಣಿಯ ಮಕ್ಕಳೆಲ್ಲ ಅವಳನ್ನು ಮರಾಠಿಯಲ್ಲಿ ಮಾವಶಿ ಎಂದೇ ಕರೆಯುತ್ತಿದ್ದೆವು. ಅವಳ ಗಂಡ ನಮಗೆ ಕಾಕಾ. ಅವರಿಗೆ ಮಕ್ಕಳಿರಲಿಲ್ಲ. ಕಾಕಾ ಗೌಂಡಿ ಕೆಲಸದವರು, ಮಾತು ಬಹಳ ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಮಾವಶಿಯೇ ಆಡುತ್ತಿದ್ದಳು. ಅವಳ ದನಿ ಎಂಥದ್ದೆಂದರೆ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಹೊರಟ ಸಂತಪುರದ ಬಸ್ಸು ನಿಂತುಬಿಡುತ್ತಿತ್ತು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಓಣಿಗೆ ಟ್ಯಾಂಕರ್ ಬರುತ್ತಿತ್ತು. ಬಂದೊಡನೆ ಜಗಳ. ಕೊಡಕ್ಕೆ ಕೊಡ ತಾಗಿ, ಕೂದಲಿಗೆ ಕೈ ಹೋಗಿ, ಅರ್ಧ ನೀರು ನೆಲದ ಪಾಲಾಗುತ್ತಿತ್ತು. ಒಂದು ದಿನ ಮಾವಶಿ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಒದರಿದಳು. ಅಂದಿನಿಂದ ಸಾಲು ಅಂದರೆ ಸಾಲು. ಕೊಡ ಕೈಯಿಂದ ಕೈಗೆ ಹೋಗಬೇಕು, ಯಾರೂ ಮುಂದೆ ನುಗ್ಗುವ ಹಾಗಿಲ್ಲ. ಬಸುರಿಯರಿಗೂ ಮುದುಕಿಯರಿಗೂ ಮೊದಲು ನೀರು. ಅವಳ ಎದುರು ಉಸಿರೆತ್ತಿದವರನ್ನು ನಾನು ನೋಡಿಲ್ಲ.

ಕುಡಿಯಲು ನೀರಿಲ್ಲದ ಊರಿನಲ್ಲಿ ಗಾರೆ ಕಲಸುವವರು ಯಾರು? ಕಾಕಾನ ಕರಣಿ ಗೂಟಕ್ಕೆ ಜೋತುಬಿತ್ತು. ಯಾರೋ ಪರಿಚಯದವರು ಕರೆದರೆಂದು ಇಬ್ಬರೂ ಕೊಂಕಣದ ಕರಾವಳಿಯ ಒಂದು ಸಣ್ಣ ಬಂದರಿಗೆ ಹೋದರು. ಕಾಕಾ ಅಲ್ಲಿ ದೋಣಿಗಳು ಬಂದು ನಿಲ್ಲುವ ಧಕ್ಕೆಯ ಗೋಡೆ ಕಟ್ಟಿದರು. ಗೋಡೆ ಮುಗಿದ ಮೇಲೆ, ಪ್ರವಾಸಿಗಳನ್ನು ಡಾಲ್ಫಿನ್ ತೋರಿಸಲು ಕರೆದೊಯ್ಯುವ ದೋಣಿಗಳ ಸೇಠ ಅವರನ್ನು ದೋಣಿಯ ಕೆಲಸಕ್ಕೆ ಇಟ್ಟುಕೊಂಡ. ಮಾವಶಿಯ ದನಿ ಕೇಳಿ ಅವಳನ್ನೂ ಬಿಡಲಿಲ್ಲ. ಧಕ್ಕೆಯ ಮೇಲೆ ನಿಂತು ಜನರನ್ನು ಕರೆಯುವುದು ಅವಳ ಕೆಲಸ.

ದೀಪಾವಳಿಗೆ ಊರಿಗೆ ಬಂದವಳು ನಮ್ಮ ಅಡುಗೆಮನೆಯಲ್ಲಿ ಕೂತು ಅವ್ವನಿಗೆ ಹೇಳಿದಳು: “ವೈನಿ, ಪೋರಿಗಿ ನನ್ನ ಜೋಡಿ ಕಳಸ್ರಿ. ಅಲ್ಲಿ ಮೂರು ಭಾಷಾ ಬರೋ ಹುಡುಗಿ ಬೇಕಾಗ್ಯಾಳ. ಮಳಿ ಹತ್ತೋತನಕ ಅಷ್ಟೇ.”

ನನ್ನ ಓದು ಪಿಯುಸಿಗೆ ನಿಂತಿತ್ತು. ಅಪ್ಪನದು ಹೊಲಿಗೆ ಅಂಗಡಿ. ಬರಗಾಲದಲ್ಲಿ ಹೊಸ ಬಟ್ಟೆ ಹೊಲಿಸುವವರಿಲ್ಲದೆ ಯಂತ್ರದ ಮೇಲೆ ಧೂಳು ಕೂತಿತ್ತು. ಆದರೂ ಅವ್ವ ಹೆದರಿದಳು. “ಸಮುದ್ರ ಅಂತೀರಿ. ನನಗ ಕೇಳಿದ್ರೇ ಎದಿ ನಡುಗ್ತದ.”

“ನಾ ಇದ್ದಲ್ಲಿ ಆಕೀಗಿ ಏನೂ ಆಗಲ್ರಿ,” ಅಂದಳು ಮಾವಶಿ.

ಹೀಗೆ ಔರಾದಿನಿಂದ ಬಸ್ಸು ಹತ್ತಿ, ಭಾಲ್ಕಿಯಲ್ಲಿ ರೈಲು ಹಿಡಿದು, ಆಮೇಲೆ ಮತ್ತೆ ಬಸ್ಸು ಬದಲಿಸುತ್ತ ನಾನು ಕಡಲ ದಂಡೆಗೆ ಹೋಗಿ ಬಿದ್ದೆ. ತಗಡಿನ ಒಂದು ಖೋಲಿ. ಹೊರಗೆ ದಾರಿಯುದ್ದಕ್ಕೂ ಸುಕಟ್ ಒಣಗಲು ಹರವಿರುತ್ತಿದ್ದರು. ಅಲ್ಲಿನ ಉಸಿರೆಲ್ಲ ಅದೇ ವಾಸನೆ.

ದೋಣಿ ಮರದ್ದು. ಮೇಲೆ ತಾಡಪತ್ರಿಯ ನೆರಳು, ಎರಡೂ ಬದಿಗೆ ಕೂರುವ ಹಲಗೆ, ಹಿಂಬದಿಯಲ್ಲಿ ಎಂಜಿನ್. ನಡೆಸುವವನನ್ನು ತಾಂಡೇಲ ಎನ್ನುತ್ತಿದ್ದರು. ವಯಸ್ಸಾದ, ಸೌಮ್ಯ ಮನುಷ್ಯ. ಕಾಕಾ ಹಗ್ಗ ಬಿಚ್ಚಿ, ಲಂಗರು ಎತ್ತಿ, ಬಂದವರಿಗೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ತೊಡಿಸುತ್ತಿದ್ದರು. ಜಾಕೆಟ್ಟುಗಳು ಯಾವತ್ತೂ ಜನರಿಗಿಂತ ಕಡಿಮೆಯೇ. ಕೈ ಹೊರಗೆ ಹಾಕಬೇಡಿ, ಎದ್ದು ನಿಲ್ಲಬೇಡಿ ಎಂದು ಹೇಳುವುದು, ಡಾಲ್ಫಿನ್ ಕಂಡಾಗ ಬೆರಳು ಮಾಡಿ ತೋರಿಸುವುದು ನನ್ನ ಕೆಲಸ. ದಂಡೆಯಲ್ಲಿ ಮಾವಶಿಯ ಕೂಗು: “ಡಾಲ್ಫಿನ್ ಬಘಾ! ಡಾಲ್ಫಿನ್ ದೇಖೋ! ಡಾಲ್ಫಿನ್ ನೋಡ್ರಿ!” ಅವಳು ಮೊದಲ ಸಲ ಡಾಲ್ಫಿನ್ ನೋಡಿದಾಗ, “ಅಯ್ಯ, ಕೆರ್ಯಾಗ ಎಮ್ಮಿ ಕರ ಮುಳುಗಿ ಎದ್ದಂಗ ಅದ” ಅಂದಿದ್ದಳಂತೆ. ಅದನ್ನು ನೆನೆದು ಕಾಕಾ ಕೂಡ ನಗುತ್ತಿದ್ದರು. ಅವರಿಬ್ಬರಿಗೂ ಈಜು ಬರುತ್ತಿರಲಿಲ್ಲ. ನನಗೂ ಇಲ್ಲ. ಔರಾದಿನವರಿಗೆ ಈಜು ಎಲ್ಲಿಂದ ಬರಬೇಕು?

ಬೇಸಿಗೆ ಮುಗಿಯುತ್ತ ಬಂದಿತ್ತು. ಮಧ್ಯಾಹ್ನದ ಗಾಳಿಗೆ ಬಲ ಬಂದಿತ್ತು. ಆಗಲೇ ಒಂದು ಸುದ್ದಿ ಹಬ್ಬಿತು: ಕಡಲೊಳಗಿನ ಬಂಡೆಗಳ ಸಾಲಿನ ಆಚೆ, ಆಳದ ನೀರಿನಲ್ಲಿ ದೇವಮಾಸಾ ಕಂಡಿದೆ. ತಿಮಿಂಗಿಲಕ್ಕೆ ಅಲ್ಲಿಯವರು ಕೊಟ್ಟ ಹೆಸರು ಅದು. ಡಾಲ್ಫಿನ್ ಯಾರಿಗೂ ಬೇಡವಾಯಿತು. ಎಲ್ಲರದೂ ಒಂದೇ ಮಾತು, ದೇವಮಾಸಾ ತೋರಿಸಿ. ನಮ್ಮ ದೋಣಿಗಳು ಬಂಡೆ ದಾಟುವಂಥವಲ್ಲ ಎಂದು ತಾಂಡೇಲ ಹೇಳಿ ನೋಡಿದ. ಸೇಠ ಕೇಳಲಿಲ್ಲ.

ಆ ದಿನ ಬಂದವರು ನಮ್ಮವರೇ. ಹತ್ತಿರದಲ್ಲಿ ಒಂದು ದೊಡ್ಡ ಹೋಟೆಲು ಕಟ್ಟುತ್ತಿದ್ದರು. ಅಲ್ಲಿ ಕಲ್ಲು, ಮರಳು ಹೊರುತ್ತಿದ್ದ, ನಮ್ಮ ಬೀದರಿನ ಕಮಠಾಣದ ಕಡೆಯ ಸಂಸಾರಗಳು ರಜೆಯ ದಿನ ಬುತ್ತಿ ಕಟ್ಟಿಕೊಂಡು, ಸ್ಟೀಲಿನ ಬಿಂದಿಗೆಯಲ್ಲಿ ಕುಡಿಯುವ ನೀರು ತುಂಬಿಕೊಂಡು ಸಮುದ್ರ ನೋಡಲು ಬಂದಿದ್ದವು. “ನೋಡ್ರಿ” ಎಂಬ ಕೂಗು ಕೇಳಿ ಒಬ್ಬ ಮುದುಕಿ ಅಲ್ಲೇ ನಿಂತುಬಿಟ್ಟಳು.

“ನೀ ಯಾವೂರಾಕಿ ಅವ್ವ?”

“ಔರಾದರಿ.”

ಮುದುಕಿ ಬಂದು ಮಾವಶಿಯ ಗಲ್ಲ ಮುಟ್ಟಿದಳು. ಮಾವಶಿಯ ಕಣ್ಣು ತುಂಬಿದವು. “ಬರ್ರಿ, ಎಲ್ಲಾರೂ ಬರ್ರಿ. ಇಲ್ಲೀತನಕ ಬಂದು ನೋಡ್ಲಾರ್ದ ಹೋಗ್ತೀರೇನು?” ಎಂದು ಅವಳೇ ಕರೆದಳು. ಅವಳ ಕರೆಗೆ ಅವರೆಲ್ಲ ದೋಣಿಯತ್ತ ನಡೆದರು.

ಎರಡು ದೋಣಿಗೆ ಆಗುವಷ್ಟು ಜನ. ಸೇಠ ಒಂದೇ ದೋಣಿಗೆ ಹತ್ತಿಸು ಅಂದ. “ಸೇಠಜಿ, ಭಾಳ ಆಯ್ತು,” ಅಂದಳು ಮಾವಶಿ. “ನಿನ್ನ ಊರಿನ ಮಂದಿ. ನೀನೇ ಹೊಂದಿಸಿ ಕೂಡಿಸು,” ಎಂದು ಅವನು ಮರಾಠಿಯಲ್ಲಿ ನಕ್ಕ. ಯಾವತ್ತೂ ದಂಡೆಯಲ್ಲೇ ನಿಲ್ಲುತ್ತಿದ್ದ ಮಾವಶಿ ಅಂದು ಸೀರೆ ಎತ್ತಿ ಕಟ್ಟಿ ತಾನೂ ಹತ್ತಿದಳು. ಜಾಕೆಟ್ಟು ಸಾಲಲಿಲ್ಲ. ಮೊಲೆಯುಣ್ಣುವ ಕೂಸಿದ್ದ ಒಬ್ಬ ಹುಡುಗಿಗೆ ಕಾಕಾ ತಮ್ಮದನ್ನೇ ಬಿಚ್ಚಿ ತೊಡಿಸಿದರು.

ಬಂಡೆ ದಾಟುವವರೆಗೆ ಎಲ್ಲ ನಗೆಯೇ. ಡಾಲ್ಫಿನ್ನುಗಳು ಕಂಡವು. ಮುದುಕಿ ಕೈಮುಗಿದಳು. ದಾಟಿದ ಮೇಲೆ ನೀರಿನ ಬಣ್ಣವೇ ಬೇರೆಯಾಯಿತು. ತೆರೆಗಳು ಅಗಲವಾಗಿ, ಎತ್ತರವಾಗಿ ಬರತೊಡಗಿದವು. ದೋಣಿಯ ಅಂಚಿಗೂ ನೀರಿಗೂ ಒಂದು ಗೇಣು ಅಂತರವಿದ್ದೀತು. ಜನ ಕೂತ ಹಲಗೆಯನ್ನು ಬಿಗಿಯಾಗಿ ಹಿಡಿದರು. ತಾಂಡೇಲ ತಿರುಗಿಸುತ್ತೇನೆ ಎಂದು ಕಾಕಾನಿಗೆ ಸನ್ನೆ ಮಾಡಿದ್ದನ್ನು ನಾನು ನೋಡಿದೆ.

ಆಗ ಮೊದಲು ಕೇಳಿಸಿದ್ದು ಉಸಿರು. ಬಸ್ಸು ನಿಂತಾಗ ಬ್ರೇಕಿನ ಗಾಳಿ ಬಿಡುತ್ತದಲ್ಲ, ಹಾಗೆ. ಆದರೆ ಅದಕ್ಕಿಂತ ಎಷ್ಟೋ ದೊಡ್ಡದು. ಬಲಗಡೆ, ತೀರ ಹತ್ತಿರದಲ್ಲಿ ನೀರು ಸೀಳಿ ಕಪ್ಪು ಬೆನ್ನೊಂದು ಮೇಲೆದ್ದಿತು. ಅದು ಹೊರಳುತ್ತಲೇ ಇತ್ತು, ಹೊರಳುತ್ತಲೇ ಇತ್ತು, ಮುಗಿಯುವುದೇ ಇಲ್ಲವೇನೋ ಎಂಬ ಹಾಗೆ. “ಅಗೋ! ಅಗೋ!” ಎಂದು ಯಾರೋ ಚೀರಿದರು. ಎಡಗಡೆ ಕೂತವರೆಲ್ಲ ಎದ್ದು ಬಲಗಡೆಗೆ ನುಗ್ಗಿದರು.

ದೋಣಿ ಬಲಕ್ಕೆ ವಾಲಿತು. ನೀರು ಅಂಚಿನ ಮೇಲಿಂದ ಒಳಗೆ ಸುರಿಯಿತು. ಡೀಸೆಲ್ಲಿನ ಖಾಲಿ ಡಬ್ಬಿ, ಹಗ್ಗ, ಬುತ್ತಿಯ ಗಂಟು, ಒಂದಿಷ್ಟು ಚಪ್ಪಲಿ ಜಾರಿ ಹೋದವು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹಿಂಬದಿಯಲ್ಲಿ ನಿಂತಿದ್ದ ಕಾಕಾ...

ಕಾಕಾ ನೀರಿಗೆ ಬಿದ್ದದ್ದನ್ನು ನೋಡಿದವರು ಇಬ್ಬರೇ. ನಾನು ಮತ್ತು ಮಾವಶಿ. ನಾವಿಬ್ಬರು ಮಾತ್ರ ಹಿಂಬದಿಗೆ ಮುಖ ಮಾಡಿ ಕೂತಿದ್ದೆವು. ತಾಂಡೇಲ ಎಂಜಿನ್ನಿನ ಮೇಲೆ ಬಗ್ಗಿದ್ದ. ಉಳಿದವರ ಕಣ್ಣೆಲ್ಲ ದೇವಮಾಸಾ ಮುಳುಗಿದ ಜಾಗದಲ್ಲಿತ್ತು. ಕಾಕಾನ ಕೈಯೊಂದು ಗಾಳಿಯಲ್ಲಿ ಕಂಡಿತು, ಆಮೇಲೆ ಬರೀ ನೀರು.

ನಾನು ಕಿರುಚಲು ಬಾಯಿ ತೆರೆದೆ. ಮಾವಶಿ ನನ್ನ ಮಣಿಕಟ್ಟು ಹಿಡಿದಳು. ಮೂಳೆ ಮುರಿಯುತ್ತದೆ ಅನ್ನುವ ಹಾಗೆ ಹಿಡಿದಳು. ಅವಳ ಬಾಯಿಯೂ ತೆರೆದಿತ್ತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆಮೇಲೆ ಅವಳ ದನಿ ಬಂತು.

“ಕುಂದರ್ರಿ! ಇದ್ದಲ್ಲೇ ಕುಂದರ್ರಿ! ಯಾರ ಎದ್ದು ನಿಂತ್ರ ಅವ್ರ ಕಾಲ ಮುರೀತೀನಿ ನಾ! ಈ ಕಡಿ ಮಂದಿ ಕುಂತಲ್ಲಿಂದಲೇ ಹಿಂದ ಸರೀರಿ! ಸರೀರಿ ಅಂದ್ರ ಸರೀರಿ!”

ಕೆಳಗೆ ಕೂರಿ ಎಂದು ತಾಂಡೇಲ ಮರಾಠಿಯಲ್ಲಿ “ಖಾಲೀ ಬಸಾ” ಅಂತ ಕೂಗುತ್ತಲೇ ಇದ್ದ. ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಇಳಿದಿರಲಿಲ್ಲ. ಮಾವಶಿಯ ದನಿ ಇಳಿಯಿತು. ಅದು ಅವರ ಊರಿನ ದನಿ, ಮನೆಯ ಹಿರಿಯಳು ಗದರಿಸುವ ದನಿ. ಜನ ದಪ್ಪನೆ ಕುಸಿದು ಕೂತರು, ಕೂತಲ್ಲೇ ಹಿಂದಕ್ಕೆ ಸರಿದರು. ದೋಣಿ ನಿಧಾನವಾಗಿ ಎದ್ದು ನೇರವಾಯಿತು. ಆದರೆ ಮೊಳಕಾಲಿನವರೆಗೆ ನೀರು ತುಂಬಿತ್ತು, ಪ್ರತಿ ತೆರೆಗೂ ಇನ್ನಷ್ಟು ಬರುತ್ತಿತ್ತು.

“ಬಿಂದಿಗಿ ತಗೀರಿ! ಡಬ್ಬಿ ತಗೀರಿ! ಟ್ಯಾಂಕರಿನ ಮುಂದ ಸಾಲ ಹಚ್ಚಿಲ್ಲೇನು ನೀವು? ಹಂಗೇ ಸಾಲ ಹಚ್ರಿ. ಕೈಯಿಂದ ಕೈಗಿ ಕೊಡ್ರಿ. ಹೊರಗ ಚೆಲ್ರಿ!”

ಒಂದು ಕೊಡ ನೀರಿಗೂ ಗತಿಯಿಲ್ಲದೆ ಊರು ಬಿಟ್ಟು ಬಂದವರು ಬಿಂದಿಗೆಯಲ್ಲಿದ್ದ ಕುಡಿಯುವ ನೀರನ್ನೂ ಚೆಲ್ಲಿ, ಅದೇ ಬಿಂದಿಗೆಯಿಂದ ದೋಣಿಯ ನೀರನ್ನು ಎತ್ತತೊಡಗಿದರು. ಬುತ್ತಿ ಡಬ್ಬಿ, ತಂಬಿಗೆ, ಮಕ್ಕಳ ಟೋಪಿ ಕೂಡ ಕೈಯಿಂದ ಕೈಗೆ ಓಡಿದವು. ಯಾರೂ ಅಳಲಿಲ್ಲ. ಕೂಸು ಮಾತ್ರ ಅಳುತ್ತಿತ್ತು. ಮಾವಶಿ ನನ್ನ ಕೈಗೂ ಒಂದು ತಂಬಿಗೆ ತುರುಕಿ ಹಿಂಬದಿಯ ಹಲಗೆಗೆ ಬೆನ್ನು ಕೊಟ್ಟು ನಿಂತಳು. “ಕುಂದರ್ರಿ, ಚೆಲ್ರಿ, ಕುಂದರ್ರಿ, ಚೆಲ್ರಿ.” ಬಾಯಿ ಅದನ್ನೇ ಕೂಗುತ್ತಿತ್ತು. ಕಣ್ಣು ಮಾತ್ರ ಪದೇ ಪದೇ ಹಿಂದಿನ ನೀರಿಗೆ ಹೋಗಿ ಬರುತ್ತಿತ್ತು. ಗಾಳಿ ನಮ್ಮನ್ನು ಆ ಜಾಗದಿಂದ ದೂರ ತಳ್ಳುತ್ತಿತ್ತು. ಅವಳು ಒಮ್ಮೆಯೂ ಕಾಕಾನನ್ನು ಕೂಗಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ಎಂಜಿನ್ ಏಳಲಿಲ್ಲ. ಬಂಡೆಗಳ ಮೇಲೆ ತೆರೆ ಒಡೆಯುವ ಸದ್ದು ಹತ್ತಿರವಾಗುತ್ತಿತ್ತು. ಆಗ ಮುದುಕಿಯೇ ಮೊದಲು ಕಂಡದ್ದು: ಒಂದು ಮೀನಿನ ದೋಣಿ ನಮ್ಮ ಕಡೆ ಬರುತ್ತಿತ್ತು. ಯಾರೋ ಏಳಲು ಹೋದರು. “ಕುಂದರ್ರಿ!” ಅಂದಳು ಮಾವಶಿ. ಅಷ್ಟರಲ್ಲಿ ಅವಳ ಗಂಟಲು ಕಟ್ಟಿ, ದನಿ ಹರಿದ ಬಟ್ಟೆಯ ಹಾಗಾಗಿತ್ತು. ಆ ದೋಣಿ ಹತ್ತಿರ ಬಂತು. ಹಗ್ಗ ಎಸೆದರು. ಅದರ ತಳದಲ್ಲಿ, ಬಲೆಯ ರಾಶಿಯ ಮೇಲೆ, ಯಾರದೋ ಲುಂಗಿ ಹೊದ್ದು ಒಬ್ಬರು ಮಲಗಿದ್ದರು. ತಲೆ ಎತ್ತಿ ನೋಡಿದರು. ಕಾಕಾ.

ತೇಲುತ್ತಿದ್ದ ಖಾಲಿ ಡಬ್ಬಿಯನ್ನು ಅಪ್ಪಿ ಹಿಡಿದಿದ್ದವರನ್ನು ಮೀನುಗಾರರು ದಾರಿಯಲ್ಲಿ ಎತ್ತಿಕೊಂಡಿದ್ದರು. ಕಾಕಾ ಕೈ ಮಾಡಿ ತೋರಿಸಿದ ದಿಕ್ಕಿಗೇ ದೋಣಿ ನಮ್ಮನ್ನು ಹುಡುಕಿಕೊಂಡು ಬಂದದ್ದು.

ಮಾವಶಿ ಆಗ ಕೂತಳು. ನೀರಿನಲ್ಲೇ ಕೂತುಬಿಟ್ಟಳು.

ದಂಡೆಗೆ ಬಂದ ಮೇಲೆ ಕಮಠಾಣದವರು ಅವಳ ಕೈ ಹಿಡಿದು ಹಿಡಿದು ಅತ್ತರು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಸಂಜೆ ಖೋಲಿಯಲ್ಲಿ ಅನ್ನ ಬಡಿಸಿದಳು. ಕಾಕಾ ತಾಟಿಗೆ ಕೈ ಹಚ್ಚಲಿಲ್ಲ.

“ನಾ ಬಿದ್ದದ್ದು ನೀ ನೋಡಿದಿ?”

“ನೋಡೀನ್ರಿ.”

“ಡಬ್ಬಿ ನನ್ನ ಕೈಗಿ ಸಿಕ್ಕದ್ದೂ ನೋಡಿದಿ. ಹೌದಿಲ್ಲೋ?”

ಹೌದು ಅನ್ನು ಮಾವಶಿ, ಹೌದು ಅಂದುಬಿಡು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಇಲ್ರಿ,” ಅಂದಳು ಅವಳು. “ಡಬ್ಬಿ ಕಂಡಿಲ್ಲ. ನೀವು ಮತ್ತ ಮ್ಯಾಲ ಬಂದದ್ದೂ ಕಂಡಿಲ್ಲ.”

“ಕಂಡಿಲ್ಲ, ಆದ್ರೂ ಒದರಿಲ್ಲ.”

“ಒದರಿದ್ರ ಅಷ್ಟೂ ಮಂದಿ ಎದ್ದು ನಿಮ್ಮ ಕಡಿ ಓಡ್ತಿದ್ರು. ಅವ್ರಿಗಿ ದೋಣ್ಯಾಗ ಕರ್ದಾಕಿ ನಾನೇ ಅಲ್ರಿ? ಕೂಸುಗೋಳು ಇದ್ವು...”

ಕಾಕಾ ತಾಟು ಸರಿಸಿ ಎದ್ದು ಹೊರಗೆ ಹೋದರು. ಕತ್ತಲಾಗುವವರೆಗೂ ಮರಳಿನ ಮೇಲೆ ಕೂತಿದ್ದರು. ಅವರ ಪಕ್ಕ ಹೋಗಿ ಕೂರುವ ಧೈರ್ಯ ಮಾವಶಿಗೆ ಬರಲಿಲ್ಲ. ಅವಳು ಯಾವುದಕ್ಕಾದರೂ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಸೇಠ ಎಂಜಿನ್ ತೊಳೆಸಿ, ಅದೇ ದೋಣಿಯನ್ನು ಮತ್ತೆ ದೇವಮಾಸಾ ತೋರಿಸಲು ಕಳಿಸಲು ಹೊರಟ. ಮಾವಶಿ ಧಕ್ಕೆಯ ಮೇಲೆ ತನ್ನ ಜಾಗದಲ್ಲಿ ನಿಂತಳು. ಕಟ್ಟಿದ ಗಂಟಲಿನಿಂದಲೇ ಮೂರು ಭಾಷೆಗಳಲ್ಲಿ ಕೂಗಿದಳು: ಹತ್ತಬೇಡಿ, ಈ ದೋಣಿ ಬಂಡೆ ದಾಟುವುದಲ್ಲ, ನಿನ್ನೆ ನಾವು ಮುಳುಗುವುದರಲ್ಲಿದ್ದೆವು, ಹತ್ತಬೇಡಿ. ಸಾಲಿನಲ್ಲಿ ನಿಂತಿದ್ದವರು ಮಕ್ಕಳ ಕೈ ಹಿಡಿದು ಹಿಂದಿರುಗಿದರು. ಸೇಠ ಬೈದ, ಕೈ ಎತ್ತಿಕೊಂಡು ಬಂದ. ತಾಂಡೇಲ ನಡುವೆ ಬಂದು ನಿಂತು, ದೋಣಿಯ ಚಾವಿಯನ್ನು ಸೇಠನ ಮುಂದೆ ಚಾಚಿ, ನಾನೂ ನಡೆಸುವುದಿಲ್ಲ ಅಂದ. ಅದೇ ದಿನ ನಾವು ಖೋಲಿ ಖಾಲಿ ಮಾಡಿದೆವು.

ಭಾಲ್ಕಿಯವರೆಗೆ ರೈಲಿನಲ್ಲಿ ಅವರಿಬ್ಬರ ನಡುವೆ ನಾನು ಕೂತಿದ್ದೆ. “ನೀರು ಬೇಕೇನು ಕೇಳು,” ಅನ್ನುತ್ತಿದ್ದಳು ಮಾವಶಿ ನನಗೆ. ನಾನು ಕೇಳುತ್ತಿದ್ದೆ. ಕಾಕಾ ತಲೆಯಾಡಿಸುತ್ತಿದ್ದರು.

ಊರಿನಲ್ಲಿ ಆಮೇಲೆ ಮಳೆ ಬಂತು. ಕಾಕಾನಿಗೆ ಮತ್ತೆ ಗೌಂಡಿ ಕೆಲಸ ಸಿಕ್ಕಿತು. ಹೊರಗಿನಿಂದ ನೋಡಿದವರಿಗೆ ಎಲ್ಲ ಮೊದಲಿನ ಹಾಗೆಯೇ. ಅವಳು ಮಾಡಿದ್ದನ್ನು ಅವರು ಉಣ್ಣುತ್ತಿದ್ದರು, ಅವರು ತಂದದ್ದನ್ನು ಅವಳು ಅಡುಗೆ ಮಾಡುತ್ತಿದ್ದಳು. ಆದರೆ ಓಣಿಯಲ್ಲಿ ಯಾರಾದರೂ ಸಮುದ್ರದ ಮಾತು ತೆಗೆದರೆ ಕಾಕಾ ಎದ್ದು ಹೋಗುತ್ತಿದ್ದರು. ಮಾವಶಿಯ ದನಿ ಸಣ್ಣದಾಗುತ್ತ ಬಂತು. ಗಂಟಲು ಸರಿಹೋಗಲಿಲ್ಲವೋ, ಅಥವಾ...

ನಾನು ಓದು ಮುಂದುವರಿಸಿದೆ, ಮದುವೆಯಾಗಿ ಭಾಲ್ಕಿಗೆ ಬಂದೆ, ಸಾಲೆಯಲ್ಲಿ ಕೆಲಸ ಸಿಕ್ಕಿತು. ಒಂದು ಸಲ ತವರಿಗೆ ಹೋದಾಗ ಮಾವಶಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನೂ ಕೂತು ಕೈಜೋಡಿಸಿದೆ. ಕೇಳದೆಯೇ ಅವಳು ಹೇಳಿದಳು: “ಇವ್ರು ನನಗ ಮಾಫ್ ಮಾಡಿಲ್ಲ ಪೋರಿ. ಮಾಡಬ್ಯಾಡ್ರಿ ಅಂತ ನಾನೂ ಅಂತೀನಿ. ಆದ್ರ ಒಮ್ಮಿ ಬೈದಿದ್ರ ಛಲೋ ಇತ್ತು.” ಆಮೇಲೆ ಕಾಳು ಕೇರಲು ಎದ್ದು ಹೋದಳು.

ಹೋದ ಚಳಿಗಾಲದಲ್ಲಿ ಮಾವಶಿ ತೀರಿಕೊಂಡಳು. ಎದೆನೋವು ಅಂದವಳನ್ನು ಬೀದರಿಗೆ ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳ ಹೆರಿಗೆಗೆಂದು ನಾನು ಪರವೂರಿನಲ್ಲಿದ್ದೆ, ಮುಖ ನೋಡಲಾಗಲಿಲ್ಲ.

ಸಂತೆಯಿಂದ ಬಂದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನ ಔರಾದಿನ ಬಸ್ಸು ಹತ್ತಿದೆ. ಕಾಕಾ ಈಗ ತಮ್ಮನ ಮಗನ ಸಂಸಾರದ ಜೊತೆ ಇದ್ದಾರೆ. ಕಟ್ಟೆಯ ಮೇಲೆ ಮೊಮ್ಮಕ್ಕಳು ಸುತ್ತ ಆಡುತ್ತಿದ್ದರು. ನನ್ನನ್ನು ಗುರುತು ಹಿಡಿದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾನೇ ಕೇಳಿದೆ.

“ಕಾಕಾ, ಆ ದಿನ ನೀರಾಗ ನಿಮಗ ಏನ ಅನಸ್ತಿತ್ರಿ?”

ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ.

“ಕಣ್ಣಿಗಿ ಏನೂ ಕಾಣ್ತಿದ್ದಿಲ್ಲವ್ವ. ಎಲ್ಲಾ ಉಪ್ಪು. ಆದ್ರ ಆಕಿ ದನಿ ಕೇಳಸ್ತಿತ್ತು. ಕುಂದರ್ರಿ, ಕುಂದರ್ರಿ ಅಂತ. ಆ ದನಿ ಬರೋತನಕ ದೋಣಿ ನೆಟ್ಟಗದ, ನೀವಿಬ್ರೂ ಅದೀರಿ ಅಂತ ತಿಳೀತಿತ್ತು. ಅದಕ್ಕೇ ನಾ ಡಬ್ಬಿ ಬಿಟ್ಟಿಲ್ಲ. ಆಕಿ ನನ್ನ ಸಲುವಾಗಿ ಒದರಿದ್ರ ದೋಣಿ ಮಗಚ್ತಿತ್ತು. ಆಮ್ಯಾಲ ನಾ ಯಾರ ಸಲುವಾಗಿ ಹಿಡ್ಕೊಂಡಿರ್ಬೇಕಾಗಿತ್ತು?”

“ಮಾವಶಿಗಿ ಇದು ಹೇಳಿದ್ರೇನು?”

“ಇಲ್ಲ. ಮೊದಲ ಸಿಟ್ಟ ಇತ್ತು. ಸಿಟ್ಟ ಇಳಿದ ಮ್ಯಾಲ ನಾಚಿಕಿ ಬಂತು. ಇವತ್ತ ಹೇಳ್ತೇನಿ, ನಾಳಿ ಹೇಳ್ತೇನಿ ಅನ್ಕೋತ...” ಅವರು ಹೆಗಲಿನ ಟವೆಲಿನಿಂದ ಬಾಯಿ ಒರೆಸಿಕೊಂಡರು. ನನ್ನ ಮುಖ ನೋಡದೆ ಕೇಳಿದರು: “ಆಕಿ ನಿನ್ನ ಮುಂದ ಏನಾರ ಅಂದಿದ್ಳೇನು? ನನ್ನ ಸಲುವಾಗಿ?”

ಮಾವಶಿಯಾಗಿದ್ದರೆ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದಳು. ನನಗೆ ಅವಳಷ್ಟು ಗಟ್ಟಿತನ ಇಲ್ಲ.

“ಇಲ್ರಿ ಕಾಕಾ,” ಅಂದೆ. “ಏನೂ ಅಂದಿದ್ದಿಲ್ಲ.”

ಅವರು ತಲೆಯಾಡಿಸಿದರು. ನಾನು ಹೇಳಿದ್ದನ್ನು ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಅವರು ಈಗ ಹೇಳಿದ ಆ ನಾಲ್ಕು ಮಾತು ಕೇಳಬೇಕಾಗಿದ್ದವಳು ಮಾತ್ರ ಇಲ್ಲ.